ರೆಟಿನಾದ ಉರಿಯೂತ ಮತ್ತು ಬೆಳಕು ಹಿಡಿಯುವ ಕೋಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಕೆಂಪಾಗಿಲ್ಲ, ನೋವೂ ಇಲ್ಲ. ಆದರೂ ಒಳಗೆ ಉರಿಯೂತ ಅಂತಾರಲ್ಲ, ಹೇಗೆ?

ಕಣ್ಣಿನ ಹಿಂಭಾಗದ ಒಳಗೋಡೆಯಲ್ಲಿರುವ, ಬೆಳಕು ಹಿಡಿಯುವ ಪದರವೇ ರೆಟಿನಾ. ಅದರಲ್ಲಿ ನೋವು ತಿಳಿಸುವ ನರಗಳೇ ಇಲ್ಲ. ಕೆಂಪಾಗುವುದು, ನೋಯುವುದು, ನೀರು ಸುರಿಯುವುದು ಇವೆಲ್ಲ ಕಣ್ಣಿನ ಮುಂಭಾಗ ಉರಿಯುವಾಗಿನ ಗುರುತುಗಳು. ಹಿಂಭಾಗ ಉರಿಯುವಾಗ ಅದು ನೋಟದ ಮೂಲಕವೇ ಗೊತ್ತಾಗಬೇಕು: ಸೊಳ್ಳೆ ಹಾರಿದಂತೆ ತೇಲುವ ಕಪ್ಪು ಚುಕ್ಕೆಗಳು, ಮಿಣುಕುವ ಬೆಳಕು, ಓದುವಾಗ ಅಕ್ಷರ ನುಂಗಿ ಹೋಗುವುದು, ಮಬ್ಬುಗತ್ತಲಲ್ಲಿ ತಡವರಿಸುವುದು, ಬಣ್ಣ ಸಪ್ಪೆಯಾಗುವುದು. 'ನೋವಿಲ್ಲವಲ್ಲ, ಒಂದೆರಡು ವಾರ ನೋಡೋಣ' ಎಂಬ ಲೆಕ್ಕ ಮೊಣಕಾಲಿಗೆ ಸರಿಹೋದೀತು, ರೆಟಿನಾಕ್ಕೆ ಸರಿಹೋಗದು.

ಬೆಳಕು ಹಿಡಿಯುವ ಕೋಶಗಳೆಂದರೆ ಯಾವುವು?

ಎರಡು ಬಗೆ. ಮಬ್ಬುಗತ್ತಲಲ್ಲಿ ಕೆಲಸ ಮಾಡುವ ದಂಡಕೋಶಗಳು, ಅಂದರೆ ರಾಡ್‌ಗಳು, ಒಂದು ಕಣ್ಣಿನಲ್ಲಿ ಸುಮಾರು 9ರಿಂದ 12 ಕೋಟಿ. ಹಗಲ ಬೆಳಕು, ಬಣ್ಣ, ಸಣ್ಣ ಅಕ್ಷರ ನೋಡಿಕೊಳ್ಳುವ ಶಂಕುಕೋಶಗಳು, ಅಂದರೆ ಕೋನ್‌ಗಳು, ಸುಮಾರು 45ರಿಂದ 60 ಲಕ್ಷ. ನೇರ ನೋಟ ನೋಡಿಕೊಳ್ಳುವ ರೆಟಿನಾದ ನಡುಭಾಗಕ್ಕೆ ಮ್ಯಾಕುಲಾ ಎನ್ನುತ್ತಾರೆ. ಅದರ ನಟ್ಟನಡುವೆ ಕೋನ್‌ಗಳು ಮಾತ್ರ ಇರುತ್ತವೆ, ಒಂದು ರಾಡ್ ಕೂಡ ಇಲ್ಲ.

ಮುಂದಿನ ಉತ್ತರಗಳಿಗೆಲ್ಲ ಈ ಕೋಶದ ಅಂಗರಚನೆ ಬೇಕಾಗುತ್ತದೆ. ಒಂದು ರಾಡನ್ನು ಉದ್ದಕ್ಕೆ ಹಿಡಿದರೆ ನಾಲ್ಕು ಭಾಗ. ತುದಿಯಲ್ಲಿ ಹೊರತುಂಡು: ನಾಣ್ಯ ಪೇರಿಸಿಟ್ಟಂತೆ ಸಾವಿರದಷ್ಟು ತೆಳು ಬಿಲ್ಲೆಗಳು, ಅವುಗಳ ಪೊರೆಯಲ್ಲಿ ಬೆಳಕು ಹೀರುವ ರೊಡಾಪ್ಸಿನ್. ಅದರ ಕೆಳಗೆ ಒಳತುಂಡು: ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಇಲ್ಲಿ ಕಿಕ್ಕಿರಿದಿರುತ್ತವೆ. ಆಮೇಲೆ ಕೋಶಕೇಂದ್ರ ಇರುವ ಒಡಲು. ಕೊನೆಗೆ ಮುಂದಿನ ನರಕೋಶಕ್ಕೆ ಸುದ್ದಿ ದಾಟಿಸುವ ಬುಡ.

ಹೊರತುಂಡು ದಿನವೂ ಸವೆಯುತ್ತದೆ, ದಿನವೂ ಬೆಳೆಯುತ್ತದೆ. ತುದಿಯ ಹತ್ತನೇ ಒಂದು ಪಾಲು ಬಿಲ್ಲೆಗಳು, ಹೆಚ್ಚಾಗಿ ಬೆಳಗಾದ ಸ್ವಲ್ಪ ಹೊತ್ತಿಗೆ, ಉದುರುತ್ತವೆ. ಅಷ್ಟೇ ಬಿಲ್ಲೆಗಳು ಹೊರತುಂಡಿನ ಕೆಳತುದಿಯಲ್ಲಿ, ಒಳತುಂಡಿಗೆ ಸೇರುವ ಕಡೆ, ಹೊಸದಾಗಿ ಹುಟ್ಟುತ್ತವೆ. ಹತ್ತು ದಿನಕ್ಕೆ ಇಡೀ ಹೊರತುಂಡೇ ಹೊಸದು. ಉದುರಿದ್ದನ್ನು ನುಂಗಿ ಜೀರ್ಣಿಸುವುದು ಹಿಂದೆ ಅಂಟಿಕೊಂಡಿರುವ, ಒಂದೇ ಕೋಶದಷ್ಟು ದಪ್ಪದ ಕಪ್ಪು ಪದರ. ಅದಕ್ಕೆ ಆರ್‌ಪಿಇ ಎನ್ನುತ್ತಾರೆ. ಆರ್‌ಪಿಇ ಸೋತರೆ ಮುಂದಿರುವ ರಾಡ್, ಕೋನ್‌ಗಳೂ ಸೋಲುತ್ತವೆ.

ಉರಿಯೂತಕ್ಕೆ ಇವೇ ಯಾಕೆ ಇಷ್ಟು ಬೇಗ ಬಗ್ಗುತ್ತವೆ?

ಮೊದಲನೆಯದು ಹಸಿವು. ಈ ಕೋಶಗಳು ಕತ್ತಲಲ್ಲಿ ವಿಶ್ರಾಂತಿ ಪಡೆಯುತ್ತವೆ ಎಂದುಕೊಂಡರೆ ತಪ್ಪು. ಕತ್ತಲಲ್ಲೇ ಇವುಗಳ ಬಾಗಿಲು ತೆರೆದಿರುತ್ತದೆ. ಸೋಡಿಯಂ ಒಳಗೆ ಸುರಿಯುತ್ತಲೇ ಇರುತ್ತದೆ, ಅದನ್ನು ಹೊರಗೆ ಎತ್ತಿ ಹಾಕಲು ಪಂಪ್‌ಗಳು ಬಿಡುವಿಲ್ಲದೆ ಓಡುತ್ತವೆ. ಬೆಳಕು ಬಿದ್ದಾಗಲೇ ಬಾಗಿಲು ಮುಚ್ಚುವುದು. ಹೀಗಾಗಿ ತೂಕಕ್ಕೆ ತೂಕ ಲೆಕ್ಕ ಹಾಕಿದರೆ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬೇಡುವ ಅಂಗಾಂಶಗಳಲ್ಲಿ ರೆಟಿನಾ ಒಂದು. ಮೈಟೊಕಾಂಡ್ರಿಯಾಕ್ಕೆ ಸಣ್ಣ ಪೆಟ್ಟು ಬಿದ್ದರೂ ಇಲ್ಲಿ ಕೂಡಲೇ ತಿಳಿಯುತ್ತದೆ.

ಎರಡನೆಯದು ಮೈಕಟ್ಟು. ಹೊರತುಂಡಿನ ಪೊರೆಯಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಬಹಳ. ಬಿಲ್ಲೆಗಳು ಮೆತ್ತಗೆ, ಚುರುಕಾಗಿ ಕೆಲಸ ಮಾಡಲು ಅದು ಬೇಕು. ಆದರೆ ಉರಿಯೂತದಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ರೂಪಗಳು ಮೊದಲು ಕಚ್ಚುವುದು ಇಂಥ ಕೊಬ್ಬನ್ನೇ. ಬೆಳಕು, ಆಮ್ಲಜನಕ, ಬೇಗ ಕೆಡುವ ಕೊಬ್ಬು ಮೂರೂ ಒಂದೇ ಜಾಗದಲ್ಲಿ. ಎಣ್ಣೆ ಡಬ್ಬಿಯನ್ನು ಬಾಯಿ ತೆರೆದು ಬಿಸಿಲಿಗಿಟ್ಟ ಹಾಗೆ.

ಮೂರನೆಯದು ಆಸರೆ. ಈ ಕೋಶಗಳಿರುವ ಪದರದಲ್ಲಿ ರಕ್ತನಾಳವಿಲ್ಲ. ಆಹಾರ, ಆಮ್ಲಜನಕ ಎಲ್ಲವೂ ಆರ್‌ಪಿಇ ಹಿಂದಿನ, ರಕ್ತನಾಳ ತುಂಬಿದ ಕೊರಾಯ್ಡ್ ಪದರದಿಂದ ಬರಬೇಕು. ಕೊರಾಯ್ಡ್‌ನ ಉರಿಯೂತ ಪಕ್ಕದ ಮನೆಯ ಬೆಂಕಿ ಮಾತ್ರವಲ್ಲ, ಇವುಗಳ ಅಡುಗೆಮನೆಯ ಬೆಂಕಿಯೂ ಹೌದು.

ಒಳಗೆ ನಿಜವಾಗಿ ಏನು ನಡೆಯುತ್ತದೆ?

ಶುರುವಾಗುವುದು ಹಲವು ಕಡೆಯಿಂದ. ಹಾನಿಯ ದಾರಿಗಳು ಮಾತ್ರ ಹೆಚ್ಚುಕಡಿಮೆ ಇವೇ.

ರೆಟಿನಾದಲ್ಲೇ ವಾಸಿಸುವ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಆರೋಗ್ಯವಂತ ಕಣ್ಣಿನಲ್ಲಿ ಅವು ಒಳಪದರಗಳಲ್ಲಿ ಕೈ ಚಾಚಿಕೊಂಡು ತಡಕಾಡುತ್ತಿರುತ್ತವೆ, ರಾಡ್ ಕೋನ್‌ಗಳ ಒಡಲಿರುವ ಪದರಕ್ಕೆ ಕಾಲಿಡುವುದಿಲ್ಲ. ಅಪಾಯದ ಸೂಚನೆ ಸಿಕ್ಕರೆ ಕೈಗಳನ್ನು ಒಳಗೆಳೆದುಕೊಂಡು ದುಂಡಗಾಗಿ ಅತ್ತ ನುಗ್ಗುತ್ತವೆ. ಸತ್ತ ಕೋಶಗಳನ್ನು ನುಂಗುವುದು ಅವುಗಳ ಕೆಲಸ. ಆದರೆ ಸಂಕಟದಲ್ಲಿದ್ದರೂ ಇನ್ನೂ ಬದುಕಿರುವ ರಾಡ್‌ಗಳನ್ನೂ ನುಂಗಿಬಿಡುವುದು ಇಲಿಗಳ ರೆಟಿನಾದಲ್ಲಿ ಕಂಡುಬಂದಿದೆ. ಜೊತೆಗೆ ಟಿಎನ್‌ಎಫ್, ಐಎಲ್-1 ಬೀಟಾ, ಐಎಲ್-6 ಮುಂತಾದ ಸಂಕೇತ ಪ್ರೋಟೀನುಗಳನ್ನು, ಅಂದರೆ ಸೈಟೊಕೈನ್‌ಗಳನ್ನು ಬಿಡುತ್ತವೆ. ಸುತ್ತಲ ಕೋಶಗಳಿಗೆ ಅದು ಗಂಟೆ ಬಾರಿಸಿ ಊರು ಎಬ್ಬಿಸಿದ ಹಾಗೆ.

ಈ ಸಂಕೇತ ತಲುಪಿದ ರಾಡ್ ಕೂಡಲೇ ಸಾಯುವುದಿಲ್ಲ. ಮೊದಲು ಕೆಲಸ ಕಡಿಮೆ ಮಾಡುತ್ತದೆ. ಬ್ಯಾಕ್ಟೀರಿಯಾದ ವಿಷಾಂಶದಿಂದ ಉರಿಯೂತ ತರಿಸಿದ ಪ್ರಾಣಿಪ್ರಯೋಗಗಳಲ್ಲಿ ರೊಡಾಪ್ಸಿನ್ ಪ್ರಮಾಣ ಇಳಿಯಿತು, ಹೊರತುಂಡು ಗಿಡ್ಡವಾಯಿತು, ಬೆಳಕಿಗೆ ಬರುವ ವಿದ್ಯುತ್ ಅಲೆ ಕುಗ್ಗಿತು. ಕೋಶ ಜೀವಂತವಾಗಿಯೇ ಇತ್ತು. ಈ ಹಂತವನ್ನು ಗಮನದಲ್ಲಿಡಿ, ಚಿಕಿತ್ಸೆಗೆ ಸಿಗುವ ಅವಕಾಶ ಇದೇ.

ಇನ್ನೊಂದು ದಾರಿ ನೈಟ್ರಿಕ್ ಆಕ್ಸೈಡ್. ಉರಿಯೂತದಲ್ಲಿ ಅದು ಅತಿಯಾಗಿ ಹುಟ್ಟಿ, ಸೂಪರಾಕ್ಸೈಡ್ ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಅದು ಮೈಟೊಕಾಂಡ್ರಿಯಾದ ಪ್ರೋಟೀನ್‌ಗಳನ್ನು ಹಾಳುಮಾಡುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಕಣ್ಣೊಳಗೆ ಬರುವ ಉರಿಯೂತದ, ಅಂದರೆ ಸ್ವಯಂನಿರೋಧಕ ಯುವಿಯೈಟಿಸ್‌ನ ಪ್ರಾಣಿಮಾದರಿಗಳಲ್ಲಿ ಬಿಳಿರಕ್ತಕಣಗಳು ರೆಟಿನಾಕ್ಕೆ ನುಗ್ಗುವ ಮೊದಲೇ ಈ ಹಾನಿ ಕಂಡಿದೆ. ಸೂಕ್ಷ್ಮದರ್ಶಕದಲ್ಲಿ 'ದಾಳಿ' ಕಾಣುವ ಹೊತ್ತಿಗೆ ಒಳತುಂಡಿನಲ್ಲಿ ತೊಂದರೆ ಶುರುವಾಗಿ ಆಗಿರುತ್ತದೆ.

ಕೊನೆಯದು ತಡೆಗೋಡೆ ಬಿರುಕು ಬಿಡುವುದು. ರಕ್ತದಲ್ಲಿರುವುದೆಲ್ಲ ರೆಟಿನಾಕ್ಕೆ ಬರದಂತೆ ಎರಡು ಗೋಡೆಗಳಿವೆ: ರೆಟಿನಾದ ರಕ್ತನಾಳಗಳ ಒಳಪದರ ಒಂದು, ಆರ್‌ಪಿಇ ಇನ್ನೊಂದು. ಸೈಟೊಕೈನ್‌ಗಳು ಇವುಗಳ ಬೆಸುಗೆ ಸಡಿಲಿಸುತ್ತವೆ. ನೀರು ಸೋರಿ ಮ್ಯಾಕುಲಾ ಊದಿಕೊಳ್ಳುತ್ತದೆ. ಬಾವು ತಿಂಗಳುಗಟ್ಟಲೆ ನಿಂತರೆ ಕೋನ್‌ಗಳು ಜಾಗ ತಪ್ಪಿ, ಆರ್‌ಪಿಇ ಜೊತೆ ಹೊಂದಾಣಿಕೆ ಕಳೆದುಕೊಂಡು ಸಾಯತೊಡಗುತ್ತವೆ.

ಹಾಗಾದರೆ ಮೈಕ್ರೋಗ್ಲಿಯಾವನ್ನೇ ತೆಗೆದುಹಾಕಿದರೆ ಆಯಿತಲ್ಲ?

ಆಗದು. ಇಲಿಗಳಲ್ಲಿ ಅವನ್ನು ಪೂರ್ತಿ ತೆಗೆದು ನೋಡಿದಾಗ ನರಕೋಶಗಳ ನಡುವಿನ ಕೊಂಡಿಗಳು ನಿಧಾನಕ್ಕೆ ಕೆಟ್ಟು, ಬೆಳಕಿಗೆ ಬರುವ ಪ್ರತಿಕ್ರಿಯೆಯೇ ತಗ್ಗಿತು. ಕಾವಲುಗಾರ ಬೇಕು, ಅವನು ಮನೆಯವರನ್ನೇ ಹೊಡೆಯಬಾರದು ಅಷ್ಟೆ.

ಹೋದ ದೃಷ್ಟಿ ಮರಳುತ್ತದೆಯೇ?

ಉತ್ತರ ಒಂದೇ ಸಂಗತಿಯ ಮೇಲೆ ನಿಂತಿದೆ: ಹೋಗಿರುವುದು ಹೊರತುಂಡೋ, ಇಡೀ ಕೋಶವೋ?

ಹೊರತುಂಡು ಮಾತ್ರ ಮುರಿದಿದ್ದು, ಕೋಶಕೇಂದ್ರವಿರುವ ಒಡಲು ಉಳಿದಿದ್ದರೆ, ಉರಿಯೂತ ತಣ್ಣಗಾದ ಮೇಲೆ ಅದು ಮತ್ತೆ ಬೆಳೆಯಬಲ್ಲದು. ದಿನವೂ ಮಾಡುವ ಕೆಲಸವೇ ಅಲ್ಲವೇ. ಮ್ಯೂಡ್ಸ್ ಎಂಬ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಹೆಚ್ಚಾಗಿ ಎಳೆಯ ವಯಸ್ಸಿನ ಹೆಂಗಸರಲ್ಲಿ, ಒಂದೇ ಕಣ್ಣಿನಲ್ಲಿ, ಥಟ್ಟನೆ ಮಿಣುಕು ಬೆಳಕು, ಒಂದು ಬದಿಯಲ್ಲಿ ಕಪ್ಪು ಮಚ್ಚೆ. ಸ್ಕ್ಯಾನ್‌ನಲ್ಲಿ ಹೊರಪದರ ಚಿಂದಿಯಾದಂತೆ ಕಾಣುತ್ತದೆ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ, ಮದ್ದಿಲ್ಲದೆಯೇ, ಚಿತ್ರವೂ ನೋಟವೂ ಸರಿಹೋಗುತ್ತವೆ.

ಒಡಲೇ ಸತ್ತರೆ ಹಾಗಲ್ಲ. ಬೆಳೆದವರ ರೆಟಿನಾದಲ್ಲಿ ರಾಡ್, ಕೋನ್‌ಗಳು ಮತ್ತೆ ಹುಟ್ಟುವುದಿಲ್ಲ. ಆ ಜಾಗದಲ್ಲಿ ಪದರ ತೆಳುವಾಗಿ ಹಾಗೇ ಉಳಿಯುತ್ತದೆ.

ಓಸಿಟಿ ವರದಿಯಲ್ಲಿ 'ಈಜೆಡ್ ಮುರಿದಿದೆ' ಎಂದಿದೆ. ಏನರ್ಥ?

ಓಸಿಟಿ ಎಂದರೆ ಬೆಳಕಿನಿಂದ ತೆಗೆಯುವ ರೆಟಿನಾದ ಅಡ್ಡಸೀಳು ಚಿತ್ರ. ಸುಮಾರು 5 ಮೈಕ್ರಾನ್ ದಪ್ಪದ ವ್ಯತ್ಯಾಸವನ್ನೂ ತೋರಿಸುತ್ತದೆ. ಚಿತ್ರದ ತಳಭಾಗದಿಂದ ಮೇಲಕ್ಕೆ ಬನ್ನಿ. ಕೆಳಗಿನ ದಪ್ಪ ಬಿಳಿ ಗೆರೆ ಆರ್‌ಪಿಇ. ಅದರ ಮೇಲೆ ಹೊರತುಂಡುಗಳ ತುದಿ ಆರ್‌ಪಿಇ ಜೊತೆ ಹೆಣೆದುಕೊಳ್ಳುವ ಮಸುಕು ಗೆರೆ. ಅದರ ಮೇಲಿನ ಹೊಳೆಯುವ ಗೆರೆಯೇ ಈಜೆಡ್, ಮೈಟೊಕಾಂಡ್ರಿಯಾ ತುಂಬಿದ ಒಳತುಂಡಿನ ಜಾಗಕ್ಕೆ ಹೊಂದಿಕೆಯಾಗುವ ಪಟ್ಟಿ. ಇನ್ನೂ ಮೇಲೆ ನೂಲಿನಂಥ ತೆಳು ಗೆರೆ ಇಎಲ್‌ಎಂ. ಅದರ ಮೇಲಿನ ಕಪ್ಪು ಪಟ್ಟಿ ಕೋಶಕೇಂದ್ರಗಳ ಪದರ.

ಓದುವ ಬಗೆ ಹೀಗೆ. ಈಜೆಡ್ ಮಾತ್ರ ಮಸುಕಾಗಿ, ಇಎಲ್‌ಎಂ ಗಟ್ಟಿಯಾಗಿದ್ದು, ಕಪ್ಪು ಪಟ್ಟಿಯ ದಪ್ಪ ಹಾಗೇ ಇದ್ದರೆ ಚೇತರಿಕೆಗೆ ಒಳ್ಳೆಯ ಅವಕಾಶವಿದೆ. ಈಜೆಡ್ ಜೊತೆ ಇಎಲ್‌ಎಂ ಕೂಡ ಮಾಯವಾಗಿ, ಕಪ್ಪು ಪಟ್ಟಿ ತೆಳುವಾಗಿದ್ದರೆ ಅಲ್ಲಿ ಕೋಶಗಳೇ ಹೋಗಿವೆ. ಊತ ಇಳಿದ ಮೇಲೆ 'ದಪ್ಪ ನಾರ್ಮಲ್' ಎಂದು ವರದಿ ಬಂದರೂ ಓದಲು ಆಗದೆ ಇರುವುದು ಹೀಗೆಯೇ. ದಪ್ಪದ ಅಂಕಿಗಿಂತ ಈ ಮೂರು ಗೆರೆಗಳನ್ನು ನೋಡುವುದು ಮೇಲು.

ಒಂದು ಎಚ್ಚರಿಕೆ. ಕಣ್ಣಿನ ಪೊರೆ, ಗಾಜಿನಂಥ ದ್ರವದಲ್ಲಿ ತೇಲುವ ಉರಿಯೂತದ ಕಣಗಳು, ರಕ್ತನಾಳದ ನೆರಳು ಈಜೆಡ್ಡನ್ನು ಸುಮ್ಮನೆ ಮಸುಕಾಗಿ ತೋರಿಸುತ್ತವೆ. ಯಂತ್ರದ ಕಿರಣ ಪಾಪೆಯ ಅಂಚಿನಿಂದ ಓರೆಯಾಗಿ ಹೋದರೂ ಅಷ್ಟೆ. ಒಂದೇ ಸ್ಕ್ಯಾನ್ ನೋಡಿ ತೀರ್ಪು ಕೊಡಬಾರದು. ಮುಂದಿನ ಸಲ ಅದೇ ಜಾಗದಲ್ಲಿ, ಸಾಧ್ಯವಾದರೆ ಅದೇ ಯಂತ್ರದಲ್ಲಿ ತೆಗೆಸಿ ಹೋಲಿಸಬೇಕು.

ಓಸಿಟಿ ಚೆನ್ನಾಗಿದೆ, ಕೊನೆ ಸಾಲಿನ ಅಕ್ಷರವೂ ಓದುತ್ತೇನೆ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಭ್ರಮೆಯೇ?

ಅಲ್ಲದಿರಬಹುದು. ಅಕ್ಷರ ಓದುವ ಪರೀಕ್ಷೆ ಮ್ಯಾಕುಲಾದ ನಡುವಿನ ಚೂರನ್ನು ಮಾತ್ರ ಅಳೆಯುತ್ತದೆ. ಬರ್ಡ್‌ಶಾಟ್ ಎಂಬ ಉರಿಯೂತದಲ್ಲಿ ಅಕ್ಷರ ಚೆನ್ನಾಗಿ ಓದುವವರೂ ರಾತ್ರಿ ನಡೆಯಲು ಕಷ್ಟ, ಬಣ್ಣ ಮಂಕು ಎಂದು ಹೇಳುತ್ತಾರೆ. ಆಗ ಬೇಕಾಗುವುದು ಇಆರ್‌ಜಿ. ಕಣ್ಣಿಗೆ ಬೆಳಕು ಮಿಂಚಿಸಿ ರೆಟಿನಾ ಕೊಡುವ ವಿದ್ಯುತ್ ಅಲೆಯನ್ನು ಅಳೆಯುವುದು. ಮೊದಲು ಪಾಪೆ ಹಿಗ್ಗಿಸಿ 20 ನಿಮಿಷ ಕತ್ತಲಲ್ಲಿ ಕೂರಿಸುತ್ತಾರೆ. ಪ್ರಬಲ ಮಿಂಚಿಗೆ ಮೊದಲು ಕೆಳಕ್ಕಿಳಿಯುವ 'ಎ' ಅಲೆ ಬೆಳಕು ಹಿಡಿಯುವ ಕೋಶಗಳದ್ದು, ಆಮೇಲೆ ಏರುವ 'ಬಿ' ಅಲೆ ಮುಂದಿನ ನರಕೋಶಗಳದ್ದು. ಸೆಕೆಂಡಿಗೆ 30 ಸಲ ಮಿಣುಕುವ ಬೆಳಕಿಗೆ ಕೋನ್‌ಗಳು ಮಾತ್ರ ಉತ್ತರಿಸುತ್ತವೆ. ಬರ್ಡ್‌ಶಾಟ್‌ನಲ್ಲಿ ಈ ಉತ್ತರ ತಡವಾಗಿ ಬರುತ್ತದೆ. ಆ ತಡವನ್ನೇ ನೋಡಿ ಮದ್ದು ಏರಿಸುವುದು, ಇಳಿಸುವುದು ನಿರ್ಧರಿಸುವವರಿದ್ದಾರೆ.

ಅದೇ ದಿನ ಕಣ್ಣಿನ ಫೋಟೊ ಅಥವಾ ಬಣ್ಣದ ಇಂಜೆಕ್ಷನ್ ಪರೀಕ್ಷೆ ಇದ್ದರೆ ಇಆರ್‌ಜಿ ಮೊದಲು ಆಗಲಿ. ಕಣ್ಣಿಗೆ ಜೋರು ಬೆಳಕು ಬಿದ್ದುಹೋಗಿದ್ದರೆ ಕನಿಷ್ಠ ಅರ್ಧ ಗಂಟೆ ಬಿಟ್ಟು, ಆಮೇಲೆ ಕತ್ತಲಿಗೆ ಕೂರಿಸಬೇಕು. ಈ ಕ್ರಮ ತಪ್ಪಿದರೆ ಆರೋಗ್ಯವಂತ ಕಣ್ಣಿನ ಅಲೆಯೂ ಕುಗ್ಗಿ ಕಾಣಬಹುದು.

ಯಾವ ಕಾಯಿಲೆಗಳಲ್ಲಿ ಹೀಗಾಗುತ್ತದೆ?

ಸೋಂಕುಗಳಲ್ಲಿ ಟಾಕ್ಸೊಪ್ಲಾಸ್ಮಾ, ಸಿಫಿಲಿಸ್, ಕ್ಷಯ, ಹರ್ಪಿಸ್ ಗುಂಪಿನ ವೈರಸ್‌ಗಳು. ಸೋಂಕಿಲ್ಲದೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವವುಗಳಲ್ಲಿ ವಿಕೆಎಚ್ (ಕಣ್ಣಿನ ಜೊತೆ ಕಿವಿ, ಚರ್ಮಕ್ಕೂ ತಟ್ಟುವ ಕಾಯಿಲೆ), ಬೆಹ್ಚೆಟ್, ಸಾರ್ಕಾಯ್ಡ್, ಬರ್ಡ್‌ಶಾಟ್. ಬರ್ಡ್‌ಶಾಟ್ ಇರುವ ಬಹುತೇಕ ಎಲ್ಲರಲ್ಲೂ ಎಚ್‌ಎಲ್‌ಎ-ಎ29 ಎಂಬ ವಂಶವಾಹಿ ಗುರುತು ಸಿಗುತ್ತದೆ. ಆದರೆ ಆ ಗುರುತಿರುವ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ.

ಅಪರೂಪದ ಒಂದನ್ನು ಹೇಳಲೇಬೇಕು. ಕೆಲವು ಕ್ಯಾನ್ಸರ್‌ಗಳಲ್ಲಿ, ಮುಖ್ಯವಾಗಿ ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರ್‌ನಲ್ಲಿ, ಗೆಡ್ಡೆಯ ವಿರುದ್ಧ ಹುಟ್ಟಿದ ಪ್ರತಿಕಾಯಗಳು ರಾಡ್, ಕೋನ್‌ಗಳಲ್ಲಿರುವ ರಿಕವರಿನ್ ಎಂಬ ಪ್ರೋಟೀನನ್ನೂ ಹಿಡಿಯುತ್ತವೆ. ಕ್ಯಾನ್ಸರ್ ಪತ್ತೆಯಾಗುವ ಮೊದಲೇ ನೋಟ ಕೆಡಬಹುದು. ವಾರಗಳಲ್ಲಿ ಎರಡೂ ಕಣ್ಣು ಮಂಕಾಗಿ, ಇಆರ್‌ಜಿ ಸಪಾಟಾಗಿ, ರೆಟಿನಾ ನೋಡಲು ಚೆನ್ನಾಗಿಯೇ ಇದ್ದರೆ ಎದೆಯ ಸ್ಕ್ಯಾನ್ ಕೇಳುವುದು ಇದಕ್ಕೇ.

ವಂಶವಾಹಿ ದೋಷದಿಂದ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲೂ ಉರಿಯೂತವೇ?

ಹೆಸರಿನಲ್ಲಿ 'ಐಟಿಸ್' ಇದೆ, ಮೂಲ ಕಾರಣ ಮಾತ್ರ ವಂಶವಾಹಿ. ಉರಿಯೂತ ಆಮೇಲೆ ಬಂದು ಸೇರಿಕೊಳ್ಳುತ್ತದೆ. ದೋಷ ರಾಡ್‌ನಲ್ಲಿದ್ದರೂ ಏನೂ ತಪ್ಪಿಲ್ಲದ ಕೋನ್‌ಗಳೂ ಕೊನೆಗೆ ಸಾಯುತ್ತವೆ. ರಾಡ್‌ಗಳು ಹೋದ ಮೇಲೆ ಆಮ್ಲಜನಕ ಬಳಸುವವರಿಲ್ಲ. ಕೊರಾಯ್ಡ್ ಮಾತ್ರ ಮೊದಲಿನಷ್ಟೇ ಕಳಿಸುತ್ತಿರುತ್ತದೆ. ಹೆಚ್ಚಾದ ಆಮ್ಲಜನಕ ಕೋನ್‌ಗಳನ್ನು ಸುಡುತ್ತದೆ. ರಾಡ್‌ಗಳು ಒದಗಿಸುತ್ತಿದ್ದ ಪೋಷಕ ಪ್ರೋಟೀನೂ ನಿಂತುಹೋಗಿರುತ್ತದೆ. ಸತ್ತ ಕೋಶಗಳನ್ನು ತೆಗೆಯಲು ಬಂದ ಮೈಕ್ರೋಗ್ಲಿಯಾ ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ. ಸುಡುವಿಕೆಗೆ ತಡೆಯೊಡ್ಡುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದನ್ನು ಇದೇ ಕಾರಣಕ್ಕೆ ರೋಗಿಗಳಲ್ಲಿ ಪರೀಕ್ಷಿಸಲಾಗುತ್ತಿದೆ. ನಮ್ಮ ಮಟ್ಟಿಗೆ, ಫಲಿತಾಂಶ ಬರುವ ಮುನ್ನ ಅಂಗಡಿಯಿಂದ ತಂದು ನುಂಗುವಂಥದ್ದಲ್ಲ.

ವಯಸ್ಸಿನಿಂದ ಬರುವ ಮ್ಯಾಕುಲಾ ಸವೆತ?

ಅಲ್ಲಿ ಉರಿಯೂತ ನಿಧಾನದ್ದು, ಬೂದಿಯೊಳಗಿನ ಕೆಂಡ. ಮುಖ್ಯ ಪಾತ್ರ ಕಾಂಪ್ಲಿಮೆಂಟ್ ಎಂಬ, ರಕ್ತದಲ್ಲಿರುವ ರಕ್ಷಣಾ ಪ್ರೋಟೀನುಗಳ ವ್ಯವಸ್ಥೆಯದ್ದು. ಅದನ್ನು ಹದ್ದುಬಸ್ತಿನಲ್ಲಿಡುವ ಫ್ಯಾಕ್ಟರ್ ಎಚ್ ವಂಶವಾಹಿಯ ಒಂದು ರೂಪಕ್ಕೂ ಈ ಕಾಯಿಲೆಗೂ ನಂಟಿದೆ ಎಂದು 2005ರಲ್ಲಿ ಗೊತ್ತಾಯಿತು. ಕಾಂಪ್ಲಿಮೆಂಟ್ ತಡೆಯುವ ಎರಡು ಇಂಜೆಕ್ಷನ್‌ಗಳಿಗೆ, ಪೆಗ್‌ಸೆಟಾಕೊಪ್ಲಾನ್ ಮತ್ತು ಅವಾಸಿನ್‌ಕ್ಯಾಪ್ಟಾಡ್‌ಗೆ, ಅಮೆರಿಕದ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಸವೆತ ಹರಡುವ ವೇಗವನ್ನು ಅವು ತಗ್ಗಿಸುತ್ತವೆ, ಹೋದ ನೋಟವನ್ನು ತರುವುದಿಲ್ಲ.

ಉರಿಯೂತ ಅಂದ ಮೇಲೆ ಸ್ಟಿರಾಯ್ಡ್ ಇವತ್ತೇ ಶುರು ಮಾಡಬಾರದೇ?

ಮೊದಲು ಸೋಂಕಲ್ಲ ಎಂದು ನೋಡಿಕೊಳ್ಳಬೇಕು. ಹರ್ಪಿಸ್ ವೈರಸ್‌ನಿಂದ ರೆಟಿನಾ ಕೊಳೆಯುವ ಕಾಯಿಲೆಗೆ ಬರೀ ಸ್ಟಿರಾಯ್ಡ್ ಕೊಟ್ಟರೆ ಬೆಂಕಿಗೆ ತುಪ್ಪ ಹುಯ್ದಂತೆ. ವೈರಸ್ ಮದ್ದು ಮೊದಲು, ಸ್ಟಿರಾಯ್ಡ್ ಅದರ ರಕ್ಷಣೆಯಲ್ಲಿ ಆಮೇಲೆ. ಈ ಒಂದು ಕಾಯಿಲೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ವೈರಸ್ ಮದ್ದು ಶುರುಮಾಡುತ್ತಾರೆ. ಸಿಫಿಲಿಸ್ ಯಾವ ಉರಿಯೂತದ ವೇಷವನ್ನಾದರೂ ಹಾಕಬಲ್ಲದು, ಹಾಗಾಗಿ ಅದರ ರಕ್ತಪರೀಕ್ಷೆ ಎಲ್ಲರಿಗೂ. ಅದರಲ್ಲಿ ಮುಜುಗರಪಡುವಂಥದ್ದು ಏನಿಲ್ಲ.

ಸೋಂಕಿಲ್ಲ ಎಂದಾದರೆ ಚಿಕಿತ್ಸೆ ಹೇಗೆ ನಡೆಯುತ್ತದೆ?

ನೋಟಕ್ಕೆ ಅಪಾಯವಿದ್ದರೆ ಪ್ರೆಡ್ನಿಸೊಲೋನ್ ಮಾತ್ರೆ, ದಿನಕ್ಕೆ ಕಿಲೋ ತೂಕಕ್ಕೆ 1 ಮಿ.ಗ್ರಾಂ. ಲೆಕ್ಕದಲ್ಲಿ, ಸಾಮಾನ್ಯವಾಗಿ 60ರಿಂದ 80 ಮಿ.ಗ್ರಾಂ. ಮೀರದಂತೆ. ಹತೋಟಿಗೆ ಬಂದ ಮೇಲೆ ವಾರಗಳ ಅಂತರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಸುಮಾರು ಮೂರು ತಿಂಗಳಲ್ಲಿ 7.5 ಮಿ.ಗ್ರಾಂ.ಗೆ ಇಳಿಸಲಾಗದಿದ್ದರೆ, ಅಥವಾ ಇಳಿಸಿದಾಗಲೆಲ್ಲ ಉರಿಯೂತ ಮರಳಿದರೆ, ಬೇರೆ ಮದ್ದು ಸೇರಿಸುತ್ತಾರೆ. ವಿಕೆಎಚ್, ಬರ್ಡ್‌ಶಾಟ್‌ಗಳಲ್ಲಿ ಅಷ್ಟು ದಿನ ಕಾಯದೆ ಶುರುವಿನಲ್ಲೇ ಸೇರಿಸುವುದುಂಟು.

ಹೆಚ್ಚಾಗಿ ಬಳಸುವುದು ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ, 15ರಿಂದ 25 ಮಿ.ಗ್ರಾಂ., ಜೊತೆಗೆ ಫೋಲಿಕ್ ಆಮ್ಲ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂದು ಗೊತ್ತುಮಾಡಿಕೊಂಡು ಚೀಟಿಯ ಮೇಲೆ ದೊಡ್ಡದಾಗಿ ಬರೆದಿಡಿ. ಇದು ಪೂರ್ತಿ ಹಿಡಿಯಲು ತಿಂಗಳುಗಳು ಬೇಕು. ಆರು ವಾರಕ್ಕೇ 'ಕೆಲಸ ಮಾಡಲಿಲ್ಲ' ಎಂದು ಬಿಡುವುದು ನಾವು ತೀರ ಸಾಮಾನ್ಯವಾಗಿ ಕಾಣುವ ತಪ್ಪು. ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆ ಆಗಾಗ ಆಗಬೇಕು. ಬಸಿರು ಬಯಸುವವರಿಗೆ ಈ ಮದ್ದು ಸಲ್ಲದು.

ಇದೂ ಸಾಲದಿದ್ದರೆ ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್, ಎರಡು ವಾರಕ್ಕೊಮ್ಮೆ ಚರ್ಮದಡಿ 40 ಮಿ.ಗ್ರಾಂ. ಕೊಡುವ ಮೊದಲು ಮಲಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ ಇದೆಯೇ ನೋಡಬೇಕು. ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರಿಗೆ ಇದನ್ನು ಕೊಡುವುದಿಲ್ಲ. ಕೈಕಾಲು ಜೋಮು, ಹಿಂದೆ ಎಂದೋ ನೋಟ ಹೋಗಿ ಬಂದದ್ದು ಇದ್ದರೆ ಮೊದಲೇ ಹೇಳಿ.

ಒಂದೇ ಕಣ್ಣಿಗೆ ಬಾವು ಇದ್ದರೆ 0.7 ಮಿ.ಗ್ರಾಂ. ಡೆಕ್ಸಾಮೆಥಸೋನ್ ತುಣುಕನ್ನು ಕಣ್ಣೊಳಗೇ ಇಡುವುದುಂಟು. ಕೆಲವು ತಿಂಗಳು ಬರುತ್ತದೆ. ಎರಡನೇ ತಿಂಗಳ ಹೊತ್ತಿಗೆ ಕಣ್ಣಿನ ಒತ್ತಡ ಏರಬಹುದು, ಆಗ ತಪಾಸಣೆ ತಪ್ಪಿಸಬೇಡಿ. ಪೊರೆಯೂ ಬೇಗ ಬೆಳೆಯುತ್ತದೆ.

ನೋಟ ಸರಿಹೋಯಿತು. ಮಾತ್ರೆ ನಿಲ್ಲಿಸಲೇ?

ನೀವಾಗಿ ಬೇಡ. ವಾರಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ದೇಹದ ಸ್ವಂತ ತಯಾರಿಕೆ ನಿದ್ದೆ ಹೋಗಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಬೀಳಬಹುದು. ಉರಿಯೂತವೂ ಮರಳುತ್ತದೆ. ವಿಕೆಎಚ್‌ನಲ್ಲಿ ಆರು ತಿಂಗಳೊಳಗೆ ಮುಗಿಸಿದವರಿಗೆ ಮರುಕಳಿಸುವುದು ಹೆಚ್ಚು.

ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಉರಿಯೂತದ ಮದ್ದೇ ಅಲ್ಲವೇ?

ಕೀಲು, ಚರ್ಮದ ಕಾಯಿಲೆಗಳಿಗೆ ಹೌದು. ಆದರೆ ವರ್ಷಗಟ್ಟಲೆ ಸೇವಿಸಿದರೆ ಬೆಳಕು ಹಿಡಿಯುವ ಕೋಶಗಳನ್ನೇ ಅದು ಸವೆಸುತ್ತದೆ, ಮ್ಯಾಕುಲಾದ ನಡುವನ್ನು ಬಿಟ್ಟು ಸುತ್ತ ಬಳೆಯಂತೆ. ನಿಜವಾದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ. ಮೀರಬಾರದು. ಮೊದಲ ವರ್ಷದೊಳಗೆ ಒಂದು ತಪಾಸಣೆ, ಐದು ವರ್ಷದ ನಂತರ ಪ್ರತಿವರ್ಷ ಓಸಿಟಿ ಮತ್ತು ದೃಷ್ಟಿವಲಯ ಪರೀಕ್ಷೆ. ಮೂತ್ರಪಿಂಡದ ತೊಂದರೆ ಇದ್ದರೆ ಇನ್ನೂ ಬೇಗ.

ಲ್ಯೂಟಿನ್, ವಿಟಮಿನ್ ಮಾತ್ರೆಗಳು?

ಏರೆಡ್ಸ್-2 ಎಂಬ ದೊಡ್ಡ ಪರೀಕ್ಷೆಯ ಮಿಶ್ರಣ, ಲ್ಯೂಟಿನ್ 10 ಮಿ.ಗ್ರಾಂ., ಜಿಯಾಕ್ಸಾಂಥಿನ್ 2 ಮಿ.ಗ್ರಾಂ. ಜೊತೆ ವಿಟಮಿನ್ ಸಿ, ಇ, ಸತು, ತಾಮ್ರ, ಮಧ್ಯಮ ಹಂತದ ಮ್ಯಾಕುಲಾ ಸವೆತಕ್ಕೆ. ಯುವಿಯೈಟಿಸ್‌ಗೆ ಅದು ಮದ್ದಲ್ಲ. ಧೂಮಪಾನ ಬಿಡುವುದು ಇವೆಲ್ಲಕ್ಕಿಂತ ಹೆಚ್ಚು ಉಪಯೋಗ, ಎರಡೂ ಕಾಯಿಲೆಯಲ್ಲಿ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಆಮ್ಸ್ಲರ್ ಚೌಕಳಿ ಸಾಕು: 10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ. ಮನೆಗಳು, ನಡುವೆ ಚುಕ್ಕೆ. ಓದುವ ಕನ್ನಡಕ ಹಾಕಿ, ಸುಮಾರು 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ. ಚುಕ್ಕೆಯ ಮೇಲಿಂದ ನೋಟ ಕದಲಿಸದೆ ಗೆರೆ ಸೊಟ್ಟಗಿದೆಯೇ, ಮನೆ ಕಾಣೆಯಾಗಿದೆಯೇ ನೋಡಿ. ತಪ್ಪಿದ ಜಾಗವನ್ನು ಪೆನ್ಸಿಲ್‌ನಿಂದ ಗುರುತಿಸಿ, ತಾರೀಖು ಹಾಕಿ, ವಾರಕ್ಕೆರಡು ಸಲ ಅದೇ ಬೆಳಕಿನಲ್ಲಿ ಮಾಡಿ. ಸಣ್ಣ ಕಿಂಡಿಗಳನ್ನು ಮಿದುಳು ತಾನೇ ತುಂಬಿ ಮುಚ್ಚಿಬಿಡುವುದರಿಂದ, ಚೌಕಳಿ ಸರಿಯಿದೆ ಎಂದು ತಪಾಸಣೆ ಬಿಡುವಂತಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟು ಪರೀಕ್ಷಿಸುವ ಕೆಲಸ ಬೇಡ.

ಯಾವಾಗ ಅದೇ ದಿನ ಓಡಬೇಕು?

ನೋಟ ಗಂಟೆ ಅಥವಾ ಒಂದೆರಡು ದಿನಗಳಲ್ಲಿ ಇಳಿದರೆ. ಪರದೆ ಎಳೆದಂತೆ ಒಂದು ಬದಿ ಮುಚ್ಚಿದರೆ. ತೇಲುವ ಚುಕ್ಕೆಗಳ ಸುರಿಮಳೆ ಶುರುವಾದರೆ. ಎರಡೂ ಕಣ್ಣು ಮಸುಕಾಗಿ ಜೊತೆಗೆ ತಲೆನೋವು, ಕಿವಿಯಲ್ಲಿ ಗುಂಯ್‌ಗುಡುವಿಕೆ ಇದ್ದರೆ (ವಿಕೆಎಚ್ ಹೀಗೆ ಶುರುವಾಗುತ್ತದೆ). ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಿನಲ್ಲಿದ್ದು ಯಾವುದೇ ಹೊಸ ಬದಲಾವಣೆ ಕಂಡರೆ. ಹೋಗುವಾಗ ಹಳೆಯ ಓಸಿಟಿ ಚಿತ್ರಗಳನ್ನು, ಬರೀ ವರದಿಯನ್ನಲ್ಲ, ಜೊತೆಗೆ ಒಯ್ಯಿರಿ. ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಕೆಲವು ಗಂಟೆ ಹತ್ತಿರದ್ದು ಮಸುಕಾಗಿರುತ್ತದೆ, ಹಾಗಾಗಿ ಗಾಡಿ ಓಡಿಸಲು ಇನ್ನೊಬ್ಬರು ಇರಲಿ.